ಇಂಕೆನ್ ಹಾಕಿದ ಗುರುತು

ಪೆಟ್ಟಿಗೆಯ ವಿವರ ಜಾಲತಾಣದಲ್ಲಿ ಪ್ರಕಟವಾದ ಗಳಿಗೆಯಿಂದ ಇಂಕೆನ್‌ಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಚಹಾ ಮಾಡಿದಳು, ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿದಳು, ಕೆನೆ ಬಿಡುವುದನ್ನು ಮರೆತಳು. ಫೋನ್ ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ‘ಸಿಕ್ಕಿತು’ ಎಂದು ಇನ್ನೂ ಯಾರೂ ಬರೆದಿರಲಿಲ್ಲ. ಊರಲ್ಲಿ ಯಾರು ಬರೆದರೂ ಬಿಟ್ಟರೂ ಅವಳಿಗೆ ಒಂದೇ. ಅವಳು ಕಾಯುತ್ತಿದ್ದದ್ದು ಅಕ್ಕ ವೀಬ್ಕೆಯ ಹೆಸರಿಗೆ.

ಅಕ್ಕತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ, ನಗಬೇಕಾದದ್ದೇ. ಜಿಯೊಕ್ಯಾಶಿಂಗ್ ಎಂಬ ಈ ಹುಡುಕಾಟದಲ್ಲಿ ಒಬ್ಬರು ಎಲ್ಲೋ ಪೆಟ್ಟಿಗೆ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಕೊಡುತ್ತಾರೆ. ಇನ್ನೊಬ್ಬರು ಜಿಪಿಎಸ್ ಹಿಡಿದು ಹೋಗಿ, ಒಳಗಿನ ಚೀಟಿಯಲ್ಲಿ ಹೆಸರು ಗೀಚಿ, ಮನೆಗೆ ಬಂದು ಪುಟದಲ್ಲಿ ‘ಸಿಕ್ಕಿತು’ ಎಂದು ಬರೆಯುತ್ತಾರೆ. ಇಂಕೆನ್ ಗಾಳಿಗಿರಣಿಯ ಹಿಂದೆ ಇಟ್ಟಿದ್ದ ಒಂದು ಪೆಟ್ಟಿಗೆ ತನಗೆ ಸಿಕ್ಕಿತೆಂದು ವೀಬ್ಕೆ ಬರೆದಿದ್ದಳು. ಚೀಟಿಯಲ್ಲಿ ಹೆಸರಿರಲಿಲ್ಲ. ಚೀಟಿ ನೆನೆದಿತ್ತು, ಪೆನ್ಸಿಲ್ ಹಿಡಿಯಲಿಲ್ಲ ಎಂದು ಅವಳು ಹೇಳಿದಳು. ನಿಯಮ ಅಂದರೆ ನಿಯಮ ಎಂದು ಇಂಕೆನ್ ಅಕ್ಕನ ಬರಹವನ್ನೇ ಅಳಿಸಿಹಾಕಿದಳು. ಜಿಲ್ಲೆಯ ಆಟಗಾರರೆಲ್ಲರ ಕಣ್ಣೆದುರಿಗೆ, ಒಡಹುಟ್ಟಿದವಳನ್ನು ಸುಳ್ಳಿಯನ್ನಾಗಿ ಮಾಡಿದ ಹಾಗಾಯಿತು. ಆಮೇಲೆ ಹಬ್ಬಕ್ಕೂ ಇಲ್ಲ, ಹುಟ್ಟುಹಬ್ಬಕ್ಕೂ ಇಲ್ಲ. ವೀಬ್ಕೆ ತಂಗಿಯ ಫೋನ್ ಎತ್ತುವುದನ್ನೇ ನಿಲ್ಲಿಸಿದಳು.

ಕ್ಷಮಿಸು ಎಂಬ ಒಂದು ಮಾತು ಇಂಕೆನ್‌ಳ ಗಂಟಲಿನಿಂದ ಈಚೆ ಬರುವುದಿಲ್ಲ, ಹುಟ್ಟುಗುಣ. ಅದಕ್ಕೇ ಈ ಉಪಾಯ ಹೂಡಿದ್ದಳು. ಹೊಸ ಪೆಟ್ಟಿಗೆಯನ್ನು ತನ್ನ ಮನೆಯೆದುರಿನ ಕಡಲಕಟ್ಟೆಯ ಬುಡದಲ್ಲಿ, ಕುರಿಗೇಟಿನ ಪಕ್ಕದ ಕಾಲುವೆಯಲ್ಲಿ ಇಟ್ಟಳು. ಹೊಸ ಪೆಟ್ಟಿಗೆ ಬಿತ್ತೆಂದರೆ ಮೊದಲು ಓಡುವವಳು ವೀಬ್ಕೆಯೇ. ಮೊದಲಿಗಳಾಗುವ ಹುಚ್ಚು ಅವಳಿಗೆ ಮದ್ದಿಲ್ಲದ್ದು. ಬಂದವಳ ಕಣ್ಣಿಗೆ ಮನೆ ಬೀಳುತ್ತದೆ, ಬಾಗಿಲು ತಟ್ಟಿದರೂ ತಟ್ಟಬಹುದು. ಬರದೆ ಇರುವುದು ಬೇಡವೆಂದು ವಿವರದ ಕೊನೆಗೆ ಒಂದು ಚುಚ್ಚುಮಾತನ್ನೂ ಸೇರಿಸಿದ್ದಳು: ‘ಕಾಲು ಒದ್ದೆಯಾಗುತ್ತೆ ಅಂತ ಹೆದರೋರು ಮನೇಲೇ ಇರಿ.’

ಬಾಗಿಲಿನ ಗಂಟೆ ಸದ್ದಾಯಿತು. ಓಡಿಹೋಗಿ ತೆರೆದರೆ ಕುರಿ ಸಾಕುವ ಮೊಮ್ಮೆ ನಿಂತಿದ್ದ. ಅವನ ಬೆನ್ನ ಹಿಂದೆ ಮಂಜು ಗೋಡೆಯಂತೆ ಕವಿದಿತ್ತು.

“ನಿಮ್ಮಕ್ಕ ಕಾರನ್ನ ನನ್ನ ಕುರಿಗೇಟಿಗೆ ಅಡ್ಡ ನಿಲ್ಲಿಸಿ ಹೋಗಿದಾಳೆ. ತೆಗೀಲಿಕ್ಕೆ ಹೇಳು ಮಾರಾಯ್ತಿ. ಕುರಿ ಹಾರಿಕೊಂಡು ಹೋಗ್ತವಾ?”

“ಯಾವಾಗ ಬಂದ್ಲು? ಎಲ್ಲಿದಾಳೆ?”

“ಆಗಲೇ ಬಂದ್ಲು. ಕೆಸರುಬಯಲಿಗೆ ಇಳಿದು ಹೋದ್ಲು.”

“ಕೆಸರಿಗಾ? ಅಲ್ಲಿಗ್ಯಾಕೆ?”

“ನನ್ನ ಕೇಳಿದ್ರೆ? ನಿನ್ನ ಡಬ್ಬಿ ಹುಡುಕ್ಲಿಕ್ಕೆ. ಮಂಜು ಬರ್ತಿದೆ, ಪಡುಗಾಳಿ ಬೇರೆ, ನೀರು ಬೇಗ ತಿರುಗುತ್ತೆ ಅಂದೆ. ಅವಳು ಆ ಯಂತ್ರ ತೋರಿಸಿ ಏನಂದ್ಲು ಗೊತ್ತಾ? ‘ಇಂಕೆನ್ ಕೆಟ್ಟವಳಿರಬಹುದು, ಅವಳ ಅಂಕಿ ಕೆಟ್ಟದಲ್ಲ’ ಅಂದ್ಲು.”

ಇಂಕೆನ್ ಫೋನಿನಲ್ಲಿ ನಕ್ಷೆ ತೆರೆದಳು. ಬೆಳಿಗ್ಗೆಯಿಂದ ನೂರು ಸಲ ಆ ಪುಟ ನೋಡಿದ್ದಳು, ನಕ್ಷೆಯನ್ನು ಮಾತ್ರ ನೋಡಿರಲಿಲ್ಲ. ತನ್ನ ಊರಿನ ನಕ್ಷೆಯನ್ನು ಯಾರು ನೋಡುತ್ತಾರೆ? ಪೆಟ್ಟಿಗೆಯ ಗುರುತು ಕಟ್ಟೆಯ ಬುಡದಲ್ಲಿರಲಿಲ್ಲ. ಅರ್ಧ ಕಿಲೋಮೀಟರ್ ಆಚೆ, ಕಡಲ ನೀರು ಹರಿಯುವ ತೋಡನ್ನೂ ದಾಟಿ, ನೀರಿಳಿದಾಗ ಕೆಸರು, ಏರಿದಾಗ ಕಡಲು ಆಗುವ ಜಾಗದಲ್ಲಿ ಕೂತಿತ್ತು.

ಆದದ್ದು ಇಷ್ಟೇ. ಅವಳ ಜಿಪಿಎಸ್ ಹೋದ ವಾರ ರಿಪೇರಿಯಿಂದ ವಾಪಸು ಬಂದಿತ್ತು. ಬರುವಾಗ ಅಂಕಿ ತೋರಿಸುವ ಬಗೆ ಬದಲಾಗಿತ್ತು. ಈ ಆಟದವರು ಅಕ್ಷಾಂಶ ರೇಖಾಂಶದ ಮಿನಿಟನ್ನು ದಶಾಂಶದಲ್ಲಿ ಬರೆಯುತ್ತಾರೆ, ಯಂತ್ರ ಸೆಕೆಂಡಿನಲ್ಲಿ ತೋರಿಸುತ್ತಿತ್ತು. ನಲವತ್ತೆರಡು ಸೆಕೆಂಡನ್ನು ಅವಳು ದಶಾಂಶ ಚುಕ್ಕಿಯಾದ ಮೇಲೆ ನಲವತ್ತೆರಡು ಎಂದೇ ಬರೆದಳು. ಮಿನಿಟಿಗೆ ಅರವತ್ತು, ನೂರಲ್ಲ ಎಂಬುದು ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಇನ್ನೊಬ್ಬರ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವ ಮಹಾತಾಯಿಗೆ ತನ್ನ ಅಂಕಿ ಮಾತ್ರ ಕಾಣಲಿಲ್ಲ. ಪ್ರಕಟಿಸುವ ಮೊದಲು ಜಾಲತಾಣದ ಪರವಾಗಿ ಪುಟವನ್ನು ತಪಾಸಣೆ ಮಾಡಿದವನೂ ಕಾಲು ಒದ್ದೆಯಾಗುವ ಮಾತು ಓದಿ ಸರಿಯೆಂದುಕೊಂಡಿರಬೇಕು.

“ಮೊಮ್ಮೆ, ರಕ್ಷಣಾ ದೋಣಿಯವರಿಗೆ ಫೋನ್ ಮಾಡು. ಈಗಲೇ. ಈ ಅಂಕಿ ಹೇಳು.” ತಪ್ಪು ಗುರುತನ್ನೇ ಚೀಟಿಯಲ್ಲಿ ಗೀಚಿ ಅವನ ಕೈಗೆ ಕೊಟ್ಟಳು. ಅಕ್ಕ ಎಲ್ಲಿರುತ್ತಾಳೆಂದು ಅದೊಂದಕ್ಕೇ ಗೊತ್ತಿತ್ತು.

“ನೀನೆಲ್ಲಿಗೆ? ದೋಣಿ ಬರಲಿ ಇರು. ಒಬ್ಬರು ಸಾಲದೂಂತ ಇಬ್ಬರು ಸಾಯ್ತೀರಾ?”

ಅವಳು ಆಗಲೇ ಅದೇ ಅಂಕಿಯನ್ನು ಜಿಪಿಎಸ್‌ಗೆ ಹಾಕಿಕೊಂಡು ಕಟ್ಟೆ ಇಳಿಯುತ್ತಿದ್ದಳು.

ಮಂಜಿನೊಳಗೆ ಹೊಕ್ಕಮೇಲೆ ಕಟ್ಟೆಯೂ ಇಲ್ಲ, ಕಡಲೂ ಇಲ್ಲ. ಕೈಯಲ್ಲಿನ ಯಂತ್ರದ ಬಾಣ ಮಾತ್ರ. ಇಂಕೆನ್ ಅಕ್ಕನ ಹೆಸರು ಹಿಡಿದು ಕೂಗಿದಳು, ಮಂಜು ಅದನ್ನು ನುಂಗಿತು. ಬೂಟು ಕೆಸರಲ್ಲಿ ಹೂತಿತು, ಕಿತ್ತಳು, ಮತ್ತೆ ಹೂತಿತು. ತೋಡಿನಲ್ಲಿ ನೀರು ಮೊಣಕಾಲಿಗಿತ್ತು, ಮತ್ತು ದಡದ ಕಡೆಗೆ ಹರಿಯುತ್ತಿತ್ತು. ಕಡಲು ತಿರುಗಿದೆ ಎಂದು ಕಾಲಿಗೇ ಗೊತ್ತಾಯಿತು. ಅವಳು ಬೇಡಿಕೊಂಡದ್ದು ಒಂದೇ: ಅಕ್ಕ ಹಟ ಬಿಡದೆ ಇರಲಿ, ಹಾಳು ಗುರುತನ್ನು ಬಿಟ್ಟು ಎಲ್ಲಿಗೂ ಹೋಗದೆ ಇರಲಿ.

ಹೋಗಿರಲಿಲ್ಲ. ಬಾಣದ ಪಕ್ಕದ ದೂರ ಸೊನ್ನೆಗೆ ಇಳಿಯುತ್ತಿದ್ದಂತೆ ಮಂಜಿನಲ್ಲಿ ಒಂದು ಹಳದಿ ಕೋಟು ಕಂಡಿತು. ವೀಬ್ಕೆ ಮಂಡಿಯೂರಿ ಎರಡೂ ಕೈಯಿಂದ ಕೆಸರು ತೋಡುತ್ತಿದ್ದಳು. ಸುತ್ತ ಹತ್ತಾರು ಗುಂಡಿಗಳು, ಎಲ್ಲದರಲ್ಲೂ ನೀರು. ತಲೆಯೆತ್ತಿ ತಂಗಿಯನ್ನು ನೋಡಿದಳು.

“ಬಂದ್ಯಾ? ಚೀಟೀಲಿ ಹೆಸರು ಬರೀತೀನೋ ಇಲ್ವೋ ಅಂತ ಕಾಯೋಕೆ ಬಂದ್ಯಾ?”

“ಏಳು ಅಕ್ಕ. ಇಲ್ಲಿ ಏನೂ ಇಲ್ಲ.”

“ಇಲ್ಲ ಅಂದ್ರೆ?”

“ತಪ್ಪು ಬರೆದೆ. ಸೆಕೆಂಡನ್ನ ದಶಾಂಶ ಮಾಡಿ ಬರೆದೆ. ಪೆಟ್ಟಿಗೆ ಕಟ್ಟೆ ಹತ್ರ ಇದೆ.”

ವೀಬ್ಕೆ ಎದ್ದಳು. ಬಯ್ದಿದ್ದರೆ ಇಂಕೆನ್‌ಗೆ ಎಷ್ಟೋ ವಾಸಿಯಾಗುತ್ತಿತ್ತು. ವೀಬ್ಕೆ ಕೈಯನ್ನು ಕೋಟಿಗೆ ಒರೆಸಿ, ತನ್ನ ಯಂತ್ರದಲ್ಲಿ ಕಾರಿನ ಗುರುತನ್ನು ಒತ್ತಿ, ಬಾಣ ತೋರಿಸಿದ ಕಡೆಗೆ ಹೊರಟುಬಿಟ್ಟಳು. ಇಂಕೆನ್ ಅವಳ ತೋಳು ಹಿಡಿದಳು.

“ಆ ಕಡೆ ಬೇಡ. ತೋಡು ತುಂಬ್ತಾ ಇದೆ. ನಾನು ಬರುವಾಗಲೇ ಮೊಣಕಾಲಿಗೆ ಬಂದಿತ್ತು, ಈಗ ಎದೆಮಟ್ಟ ಆಗಿರುತ್ತೆ. ಅಲೆ ಮುರಿಯೋ ಕಡ್ಡಿಬೇಲಿ ತುದಿಗೆ ಹೋಗೋಣ, ಬಲಕ್ಕೆ. ಅಲ್ಲಿಗೆ ತೋಡು ದಾಟಬೇಕಿಲ್ಲ. ಬೇಲಿ ಹಿಡ್ಕೊಂಡ್ರೆ ನೇರ ಕಟ್ಟೆಗೆ ಹತ್ತಬಹುದು. ನನ್ನ ಹತ್ರ ಗುರುತಿದೆ.”

“ನಿನ್ನ ಹತ್ರ ಗುರುತಿದೆ.” ವೀಬ್ಕೆ ನಕ್ಕಳು, ಅದು ನಗುವಲ್ಲ. “ನಿನ್ನ ಗುರುತು ನಂಬಿಯೇ ತಾಯಿ ನಾನು ಇಲ್ಲಿಗೆ ಬಂದದ್ದು. ಬೇಲಿದೂ ನೀನೇ ಬರೆದದ್ದಾ?”

“ಇಲ್ಲ. ಹಿಂದೊಮ್ಮೆ ಅಲ್ಲೇ ನಿಂತು ಬಟನ್ ಒತ್ತಿದ್ದು. ಯಂತ್ರವೇ ಇಟ್ಕೊಂಡದ್ದು. ನನ್ನ ಕೈ ಸೋಕಿಲ್ಲ.”

“ಖಂಡಿತ?”

ಇಂಕೆನ್ ಬಾಯಿ ತೆರೆದಳು. ಖಂಡಿತ ಅನ್ನುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಆ ಹೊತ್ತು ಅದು ಬರಲಿಲ್ಲ.

“ಖಂಡಿತ ಅಂತಲೇ ಅಂದ್ಕೊಂಡಿದೀನಿ. ಆದ್ರೆ ಇದನ್ನೂ ಹಾಗೇ ಅಂದ್ಕೊಂಡಿದ್ದೆ, ಅಕ್ಕ.”

ನೀರು ಗುಂಡಿಗಳನ್ನೆಲ್ಲ ಅಳಿಸಿ ಹಿಮ್ಮಡಿ ಮುಟ್ಟಿತು. ವೀಬ್ಕೆ ತನ್ನ ಬಾಣವನ್ನು ನೋಡಿದಳು, ತಂಗಿಯ ಬಾಣವನ್ನು ನೋಡಿದಳು. ಎರಡೂ ಬೇರೆ ಬೇರೆ ದಿಕ್ಕಿಗೆ. ಆಮೇಲೆ ತನ್ನದನ್ನು ಜೇಬಿಗೆ ಹಾಕಿಕೊಂಡಳು.

“ನಡಿ. ಕೈ ಬಿಡಬೇಡ.”

ನಡೆದರು. ಹಿಮ್ಮಡಿಯ ನೀರು ಮೊಣಕಾಲಿಗೆ ಬಂತು, ಮೊಣಕಾಲಿನದು ತೊಡೆಗೆ. ಇಂಕೆನ್‌ಳ ಒಂದು ಬೂಟು ಕೆಸರಲ್ಲೇ ಉಳಿಯಿತು. ಕೊರೆಯುವ ಚಳಿಗೆ ಇಬ್ಬರ ಹಲ್ಲೂ ಕಟಕಟ ಅನ್ನುತ್ತಿತ್ತು. ಯಂತ್ರ ಸೊನ್ನೆ ತೋರಿಸಿದಾಗ ಎದುರಿಗೆ ಏನೂ ಇರಲಿಲ್ಲ, ಬರೀ ಮಂಜು. ವೀಬ್ಕೆ ಎರಡು ಹೆಜ್ಜೆ ಮುಂದೆ ಇಟ್ಟು ಕೈ ಚಾಚಿದಳು. ಒದ್ದೆ ಕಡ್ಡಿಗಳು ಬೆರಳಿಗೆ ತಗುಲಿದವು.

ಬೇಲಿ ಹಿಡಿದು ಕಟ್ಟೆ ಹತ್ತಿ, ಹುಲ್ಲಿನ ಮೇಲೆ ಕುಸಿದು ಕೂತರು. ದೂರದಲ್ಲಿ ದೋಣಿಯ ಕಹಳೆ ಕೇಳಿಸಿತು. ಅಕ್ಕತಂಗಿ ದಡ ಸೇರಿದರೆಂದು ದೋಣಿಯವರಿಗೆ ತಿಳಿಸಲು ಮೊಮ್ಮೆ ಬಯ್ದುಕೊಳ್ಳುತ್ತ ಫೋನ್ ಹಿಡಿದು ಆಚೆ ಹೋದ.

“ಒಂದು ಹೇಳ್ಲಾ?” ಎಂದಳು ವೀಬ್ಕೆ. “ನೀರು ಕಂಡಾಗಲೇ ವಾಪಸು ಬರಬೇಕಿತ್ತು. ಬರಲಿಲ್ಲ.”

“ಮೊದಲಿಗಳಾಗೋ ಹುಚ್ಚು ನಿಂಗೆ.”

“ಅದಲ್ಲ ಕಣೆ. ಪೆಟ್ಟಿಗೆ ಸಿಗ್ತಾ ಇಲ್ಲ, ನೀರು ಬರ್ತಾ ಇದೆ, ನೀನು ಅಂಕಿ ತಪ್ಪೋಳಲ್ಲ. ಅಂದ್ರೆ ಬೇಕೂಂತಲೇ ಹಾಕಿದೀಯ ಅಂತಾಯ್ತಲ್ಲ. ನನ್ನ ತಂಗಿ ನನ್ನನ್ನ ಸಾಯೋಕೆ ಕಳಿಸಿದಾಳೆ ಅಂತ. ಅದನ್ನ ನಂಬೋಕಾಗಲಿಲ್ಲ. ಅದಕ್ಕೇ ಅಗೀತಾ ಇದ್ದೆ. ಇಲ್ಲೇ ಇರುತ್ತೆ, ಇನ್ನೊಂದು ಗುಂಡೀಲಿ ಇರುತ್ತೆ ಅಂತ.”

ಇಂಕೆನ್‌ಗೆ ಅಳು ಒತ್ತರಿಸಿಕೊಂಡು ಬಂತು. ಅಂಥದ್ದೊಂದು ಅನುಮಾನ ಒಂದು ಗಳಿಗೆಯಾದರೂ ಬರುವಂಥ ತಂಗಿಯಾಗಿ ತಾನು ಎರಡು ವರ್ಷ ಬದುಕಿದೆನಲ್ಲ ಎಂದು ನಾಚಿಕೆಯಾಯಿತು. ಕೆಸರು ಮೆತ್ತಿದ ಅಕ್ಕನ ಬೆರಳುಗಳನ್ನು ನೋಡಿದಳು. ಉಗುರುಗಳು ಮುರಿದು ರಕ್ತ ಬಂದಿತ್ತು.

“ಕ್ಷಮಿಸು,” ಎಂದಳು.

ವೀಬ್ಕೆ ತಂಗಿಯ ಬರಿಗಾಲನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡು ಜೋರಾಗಿ ಉಜ್ಜತೊಡಗಿದಳು, ಇಂಕೆನ್‌ಗೆ ನೋವಾಗುವಷ್ಟು ಜೋರಾಗಿ.