ಮಂತ್ರಿಗೆ ಪ್ರವೇಶವಿಲ್ಲ

ದಿನವಿಡೀ ನಿಂತೇ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು, ಸಂಜೆಯಾಗುವಷ್ಟರಲ್ಲಿ ದೇವರಂಥ ಮನುಷ್ಯರನ್ನು ಕಂಡರೂ ಮೈಯೆಲ್ಲ ಉರಿಯುತ್ತದೆ ಅಂತ. ದೊಡ್ಡಕ್ಕನಿಗಂತೂ ಈಚೀಚೆಗೆ ಬೆಳಿಗ್ಗೆಯೇ ಉರಿಯಲು ಶುರುವಾಗುತ್ತಿತ್ತು. ದೊಡ್ಡಕ್ಕ ಅಂದರೆ ಯಾರಿಗೋ ಅಕ್ಕ ಅಂದುಕೊಳ್ಳಬೇಡಿ, ಅವಳು ತಾಯಿಗೆ ಒಬ್ಬಳೇ ಮಗಳು. ಆ ದೊಡ್ಡ ದಿನಸಿ ಅಂಗಡಿಯಲ್ಲಿ ಕೆಲಸದವರ ಮೇಲ್ವಿಚಾರಣೆಯೆಲ್ಲ ಅವಳದು, ಹಾಗಾಗಿ ಹೆಸರು ಅಂಟಿಕೊಂಡಿತ್ತು. ಸೋಪಿನ ಕಪಾಟು ಖಾಲಿಯಾದರೆ ದೊಡ್ಡಕ್ಕ, ತಕ್ಕಡಿ ಕೈಕೊಟ್ಟರೆ ದೊಡ್ಡಕ್ಕ, ಎಣ್ಣೆ ಬಾಟಲಿ ಕೆಳಗೆ ಬಿದ್ದರೂ ದೊಡ್ಡಕ್ಕ. ಯಜಮಾನರು ಗಾಜಿನ ಕೋಣೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ನೋಡುವುದೂ ಒಂದು ಕೆಲಸವೇ ಅಂತ ಅವರು ನಂಬಿದ್ದರು.

ಇಷ್ಟು ಸಾಲದು ಅಂತ ನಾಯಿಗಳ ರಗಳೆ ಬೇರೆ.

ಆ ಬಡಾವಣೆಯವರು ಸಾಮಾನಿಗೆ ಬರುವಾಗ ನಾಯಿಯನ್ನೂ ಕರೆತರುವುದು ರೂಢಿಯಾಗಿಬಿಟ್ಟಿತ್ತು. ಬುಟ್ಟಿಯಮ್ಮ ಅಂತ ಒಬ್ಬರಿದ್ದರು. ಅವರ ನಾಯಿ ಒಂದು ಹಿಡಿ ಇದ್ದರೆ ಹೆಚ್ಚು, ಬಾಯಿ ಮಾತ್ರ ಊರಗಲ. ಅದನ್ನು ಅಂಗಡಿಯ ಬುಟ್ಟಿಯಲ್ಲೇ ಕೂರಿಸಿಕೊಂಡು, "ನಮ್ಮ ಮಗು ಯಾರಿಗೂ ಏನೂ ಮಾಡಲ್ಲಪ್ಪ" ಅನ್ನುತ್ತ ಸಾಲುಸಾಲು ಸುತ್ತುತ್ತಿದ್ದರು. ಆ ಕಡೆಯಿಂದ ಸೀನು ಮೇಷ್ಟ್ರು. ಅವರ ಹೆಸರು ಸೀನು ಅಲ್ಲ, ನಾಯಿಯ ಕೂದಲು ಗಾಳಿಯಲ್ಲಿದ್ದರೆ ಸಾಕು, ಒಂದೇ ಸಮ ಸೀನುತ್ತಿದ್ದರು. ಕಣ್ಣು ಮೂಗು ಒರೆಸಿಕೊಳ್ಳುತ್ತ, "ಏನಮ್ಮ, ಇದು ಅಂಗಡೀನೋ ನಾಯಿದೊಡ್ಡೀನೋ? ನಾವು ತಿನ್ನೋ ಸಾಮಾನು ಇಲ್ಲಿರೋದು!" ಅಂತ ದೊಡ್ಡಕ್ಕನನ್ನೇ ಹಿಡಿದು ನಿಲ್ಲಿಸುತ್ತಿದ್ದರು. ಇಬ್ಬರು ಹೇಳುವುದೂ ಸರಿ, ಅದೇ ದೊಡ್ಡ ತಲೆನೋವು. ಒಬ್ಬರದಾದರೂ ತಪ್ಪಿದ್ದರೆ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಬಹುದಿತ್ತು.

ದೊಡ್ಡಕ್ಕನಿಗೆ ಮೇಷ್ಟ್ರ ಪರ ನಿಲ್ಲಲು ಇನ್ನೊಂದು ಸಂಕಟ. ಅವಳ ಅಮ್ಮನೂ ದಿನಾ ನಾಯಿ ಹಿಡಿದುಕೊಂಡು ಬರುತ್ತಿದ್ದಳು.

ಆ ನಾಯಿಯ ಹೆಸರು ಮಂತ್ರಿ. ಬೀದಿಯಿಂದ ತಾನಾಗಿ ಬಂದು ಮನೆ ಸೇರಿಕೊಂಡ ಕಂದು ನಾಯಿ, ಒಂದು ಕಿವಿ ಮಡಚಿಕೊಂಡಿತ್ತು. "ಕೆಲಸ ಮಾಡಲ್ಲ, ಹೊಟ್ಟೆ ತುಂಬ ತಿಂತಾನೆ, ಎಲ್ಲಿ ಹೋದ್ರೂ ತಾನೇ ಮುಂದೆ ನಡೀತಾನೆ. ಇನ್ನೇನಂತ ಕರೀಲಿ?" ಅಂತ ಅಮ್ಮನೇ ಇಟ್ಟ ಹೆಸರು. ಬೆಳಿಗ್ಗೆ ಅಂಗಡಿಗೆ ಜನ ಮುಗಿಬೀಳುವ ಹೊತ್ತಿಗೆ ಸರಿಯಾಗಿ ಮಂತ್ರಿ ಮುಂದೆ, ಅಮ್ಮ ಹಿಂದೆ. ಬಿಸ್ಕತ್ತಿನ ಪೊಟ್ಟಣವೊಂದು ನೆಪ. ಗಿರಾಕಿಗಳ ನಡುವೆ ಮಗಳ ಸೆರಗು ಹಿಡಿದು, "ತಿಂಡಿ ತಿಂದೆಯೇನೇ? ಒಂದು ಮಾತು ಹೇಳ್ಬೇಕಿತ್ತು..." ಅಂತ ಶುರು.

"ಅಮ್ಮಾ, ನಿನ್ನ ದಮ್ಮಯ್ಯ. ಕೆಲಸದ ಹೊತ್ತಲ್ಲಿ ಇಲ್ಲಿಗೆ ಬರಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಮನೆಗೆ ಬಂದ ಮೇಲೆ ಹೇಳು."

ಮನೆಗೆ ಬಂದ ಮೇಲೆ ದೊಡ್ಡಕ್ಕ ಊದಿಕೊಂಡ ಕಾಲನ್ನು ಬಿಸಿನೀರಿನಲ್ಲಿಟ್ಟು ಕೂತಲ್ಲೇ ತೂಕಡಿಸುತ್ತಿದ್ದಳು. ಯಾವ ಮಾತು, ಯಾವ ಕಥೆ!

ಅಮ್ಮಂದಿರ ಕಾಟ ಅವಳೊಬ್ಬಳದೇ ಅಲ್ಲ. ಗಲ್ಲಾದ ಮೇಲೆ ಕೂರುವ ಹುಡುಗಿಗೂ ಅವಳಮ್ಮ ಡಬ್ಬಿ ತಂದುಕೊಟ್ಟು ಅರ್ಧ ಗಂಟೆ ಹರಟುತ್ತಿದ್ದಳು. ಒಮ್ಮೆ ಯಜಮಾನರೇ ಗಾಜಿನ ಕೋಣೆಯಿಂದ ಹೊರಬಂದು, "ಅಮ್ಮಂದಿರ ಸಭೆ ಮನೇಲಿ ಇಟ್ಕೊಳ್ರಪ್ಪ, ಇದು ವ್ಯಾಪಾರದ ಜಾಗ" ಅಂದಿದ್ದರು. ಅವತ್ತು ದೊಡ್ಡಕ್ಕನ ಅಮ್ಮ ಅಲ್ಲೇ ಇದ್ದಳು. ಮಂತ್ರಿಯ ಹಗ್ಗ ಹಿಡಿದು ಹೊರಟುಹೋಗಿದ್ದಳು. ಮರುದಿನ ಮತ್ತೆ ಬಂದಳು ಅನ್ನಿ.

ಕೊನೆಗೆ ಆಗಬಾರದ್ದು ಆಯಿತು. ಬುಟ್ಟಿಯಮ್ಮನ ಮಗು ಬುಟ್ಟಿಯಿಂದ ಹಾರಿ ಯಾರದೋ ದೊಡ್ಡ ನಾಯಿಯ ಮೂಗಿಗೇ ಬಾಯಿ ಹಾಕಿತು. ಎರಡೂ ಸೇರಿ ಹಿಟ್ಟಿನ ಚೀಲಗಳ ಮಧ್ಯೆ ಕುರುಕ್ಷೇತ್ರ. ಗಿರಾಕಿಯೊಬ್ಬರ ಪುಟ್ಟ ಮಗು ಹೆದರಿ ಕಪಾಟು ಹತ್ತಲು ಹೋಗಿ ಉಪ್ಪಿನಕಾಯಿ ಭರಣಿಗಳ ಸಮೇತ ಕೆಳಗೆ ಬಂತು. ಪುಣ್ಯಕ್ಕೆ ಮಂಡಿ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಷ್ಟೂ ಗಲಾಟೆಯಲ್ಲಿ ಮಂತ್ರಿ ಅಮ್ಮನ ಕಾಲಿಗೆ ಮೈಯೊತ್ತಿಕೊಂಡು ಅಲ್ಲಾಡದೆ ನಿಂತಿದ್ದ. ಅದನ್ನು ಯಾರು ನೋಡುತ್ತಾರೆ?

"ನಾಳೆಯಿಂದ ಇಲ್ಲಿ ನಾಯಿ ಬಾಲ ಕೂಡ ಕಾಣಬಾರದು" ಅಂದರು ಯಜಮಾನರು. ದೊಡ್ಡಕ್ಕ ಎರಡು ಮಾತಾಡಲಿಲ್ಲ. ಆ ಮಗುವಿನ ಅಳು ಇನ್ನೂ ಅವಳ ಕಿವಿಯಲ್ಲಿತ್ತು. ತಾನೇ ನಿಂತು ಬೋರ್ಡು ಬರೆಸಿದಳು. ನಾಯಿಗಳಿಗೆ ಪ್ರವೇಶವಿಲ್ಲ. ಬಿಳಿ ಹಲಗೆಯ ಮೇಲೆ ನೀಲಿ ಅಕ್ಷರ, ಒಂದೊಂದೂ ಅಂಗೈಯಗಲ. ಬಾಗಿಲಿನ ಪಕ್ಕ ತೂಗುಹಾಕಿ, ಕಾವಲಿನವನಿಗೆ ತಾಕೀತು ಮಾಡಿದಳು. ಅವನನ್ನು ಎಲ್ಲರೂ ಮೀಸೆ ಅನ್ನುತ್ತಿದ್ದರು, ಮುಖದ ಮೇಲೆ ಒಂದು ಕೂದಲೂ ಇರಲಿಲ್ಲ ಅನ್ನುವ ಕಾರಣಕ್ಕೆ.

ಮರುದಿನ ಮೀಸೆ ಬಾಗಿಲ ಆ ಬದಿಯಲ್ಲಿ ಬುಟ್ಟಿಯಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದಾಗ ದೊಡ್ಡಕ್ಕ ಗಾಜಿನಾಚೆ ಅಮ್ಮನನ್ನು ನೋಡಿದಳು. ಬೋರ್ಡಿಗೆ ಮುಖ ತಾಗಿಸುವಷ್ಟು ಹತ್ತಿರ ನಿಂತಿದ್ದಳು. ಸುಮಾರು ಹೊತ್ತು ಹಾಗೇ ನಿಂತಳು. ಆಮೇಲೆ ಹಗ್ಗ ಜಗ್ಗಿ ಮಂತ್ರಿಯನ್ನು ತಿರುಗಿಸಿಕೊಂಡು ಹೋದಳು. ಮಂತ್ರಿಗೆ ಅವಮಾನವಾಯಿತು ಅಂತ ಸಿಟ್ಟು, ಅಂದುಕೊಂಡಳು ದೊಡ್ಡಕ್ಕ. ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು. ತಲೆ ಮೇಲಿನ ಹೊರೆಗಳಲ್ಲಿ ಒಂದು ಇಳಿದ ಹಾಗೆ.

ಆದರೆ ಅಮ್ಮ ಮಾರನೆಯ ದಿನವೂ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು. "ಊಟ ಮುಚ್ಚಿಟ್ಟಿದ್ದೀನಿ" ಅನ್ನುವುದು ಬಿಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ. ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಮಂತ್ರಿ ಬಾಗಿಲಿಗೂ ಅವಳ ಕುರ್ಚಿಗೂ ನಡುವೆ ಓಡಾಡಿ ಓಡಾಡಿ ಸೋತು ಮಲಗುತ್ತಿದ್ದ. ಬಯ್ದರೆ ತಿರುಗಿ ಬಯ್ಯುವ ಅಮ್ಮನನ್ನು ಸಂಭಾಳಿಸುವುದು ದೊಡ್ಡಕ್ಕನಿಗೆ ಗೊತ್ತಿತ್ತು. ಈ ಮೌನವನ್ನು ಸಂಭಾಳಿಸುವುದು ಗೊತ್ತಿರಲಿಲ್ಲ. ಅಮ್ಮ ಹೀಗೇ ಮೂಲೆ ಹಿಡಿದುಬಿಟ್ಟರೆ ಏನು ಗತಿ ಅಂತ ಅಂಗಡಿಯಲ್ಲೂ ಅದೇ ಚಿಂತೆ.

ವಾರದ ರಜೆಯ ದಿನ ಮಧ್ಯಾಹ್ನ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು. ದೊಡ್ಡಕ್ಕ ತಡೆಯಲಾರದೆ ಕೇಳಿದಳು.

"ಎಷ್ಟು ದಿನ ಅಂತ ಮುಖ ಊದಿಸ್ಕೊಂಡು ಇರ್ತೀಯಮ್ಮಾ? ಮಂತ್ರಿನ ಮನೇಲಿ ಬಿಟ್ಟು ನೀನೊಬ್ಬಳೇ ಬಾ. ಬೋರ್ಡು ನಿನಗಲ್ಲ, ಅವನಿಗೆ."

"ಅವನಿಗೆ ಅಂತ ಎಲ್ಲಿದೆ?" ಅಂದಳು ಅಮ್ಮ, ತಲೆ ಎತ್ತದೆ. "ಅಷ್ಟು ದೊಡ್ಡದಾಗಿ ಬರೆಸಿದ್ದೀಯಲ್ಲ, ತಾಯಿಗಳಿಗೆ ಪ್ರವೇಶವಿಲ್ಲ ಅಂತ."

ದೊಡ್ಡಕ್ಕನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಗು ತಡೆಯಲಾಗಲಿಲ್ಲ. "ಅಯ್ಯೋ ನನ್ನಮ್ಮಾ! ನಾಯಿ ಕಣಮ್ಮಾ, ನಾಯಿ! ತಾ ಅಲ್ಲ, ನಾ!" ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಹಾಗೆ ನಗುತ್ತಿದ್ದಳು. ಅಮ್ಮ ನಗಲಿಲ್ಲ. "ಹೌದಾ?" ಅಂದಳು ಅಷ್ಟೆ, ಮಡಚಿದ ಕಾಲುಚೀಲದ ಜೋಡಿಯನ್ನು ಪಕ್ಕಕ್ಕಿಟ್ಟಳು.

ಆ ಜೋಡಿಯಲ್ಲಿ ಒಂದು ಕಪ್ಪು, ಒಂದು ಕೆಂಪು.

ದೊಡ್ಡಕ್ಕ ನಗು ನಿಲ್ಲಿಸಿ ಆ ಜೋಡಿಯನ್ನು ಎತ್ತಿಕೊಂಡಳು. ಅಂಗೈಯಗಲದ ಅಕ್ಷರ, ಮುಖ ತಾಗಿಸಿ ಓದಿದ್ದಾಳೆ, ಆದರೂ ನಾ ಯಾವುದು ತಾ ಯಾವುದು ಗೊತ್ತಾಗಿಲ್ಲ.

"ಅಮ್ಮಾ, ನಿನಗೆ ಕಣ್ಣು ಕಾಣಲ್ವಾ?"

"ಕಾಣದೆ ಏನು? ಕಾಣುತ್ತೆ. ಹೊಗೆ ತುಂಬಿದ ಕೋಣೆ ಥರ." ಅಮ್ಮ ಸುಳ್ಳು ಸಿಕ್ಕಿಬಿದ್ದವಳಂತೆ ತಡವರಿಸಿದಳು. "ದೀಪ ಗೊತ್ತಾಗುತ್ತೆ, ಮನುಷ್ಯರು ಗೊತ್ತಾಗ್ತಾರೆ. ಅಂಚುಗಳೇ ಸಿಗಲ್ಲ. ಮೆಟ್ಟಿಲು, ಹಳ್ಳ, ಅಂಥವು."

"ಮತ್ತೆ ರಸ್ತೆ ದಾಟಿ ಅಂಗಡಿಗೆ ಹೇಗೆ ಬರ್ತಿದ್ದೆ?"

ಅಮ್ಮ ಗದ್ದದಿಂದ ಮಂತ್ರಿಯತ್ತ ತೋರಿಸಿದಳು. "ಅವನು ನಿಂತ್ರೆ ನಿಲ್ತೀನಿ, ನಡೆದ್ರೆ ನಡೀತೀನಿ. ಯಾರೂ ಕಲಿಸಿಲ್ಲ ನೋಡು, ತಾನೇ ಕಲ್ತ."

"ನನಗೆ ಹೇಳೋಕೆ ಏನಾಗಿತ್ತು ನಿನಗೆ?" ದೊಡ್ಡಕ್ಕನ ದನಿ ಏರಿತು. ಹೆದರಿಕೆಯಾದಾಗಲೂ ಅವಳಿಗೆ ಬರುವುದು ಸಿಟ್ಟೇ.

"ಹೇಳೋಕೆ ಅಂತಾನೇ ನಾನು ಅಂಗಡಿಗೆ ಬರ್ತಿದ್ದಿದ್ದು. ಬಾಯಿ ತೆಗೆಯೋಷ್ಟರಲ್ಲಿ ನೀನು ಕಳಿಸಿಬಿಡ್ತಿದ್ದೆ."

ದೊಡ್ಡಕ್ಕ ತನ್ನ ಪರವಾಗಿ ಏನಾದರೂ ಒಂದು ಹೇಳಲೇಬೇಕು ಅನ್ನಿಸಿ ಕೇಳಿದಳು. "ಅದಿರಲಿ, ತಾಯಂದಿರು ಬರಬಾರದು ಅಂತ ನಾನು ಬೋರ್ಡು ಬರೆಸ್ತೀನಾ? ಅದನ್ನ ಹೇಗಮ್ಮಾ ನಂಬಿದೆ?"

"ದಿನಾ ಬಾಯಲ್ಲಿ ಹೇಳ್ತಾನೇ ಇದ್ದೆಯಲ್ಲೇ," ಅಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. "ಈಗ ಬರೆಸಿದ್ದಾಳೆ ಅಂದ್ಕೊಂಡೆ, ಅಷ್ಟೆ."

ಇಬ್ಬರೂ ಬಟ್ಟೆಯ ರಾಶಿ ಮುಗಿಸಿದರು. ದೊಡ್ಡಕ್ಕ ಎದ್ದು ಕಣ್ಣಿನ ಡಾಕ್ಟರಿಗೆ ಫೋನು ಮಾಡಿದಳು. ಮುಂದಿನ ವಾರ ಬನ್ನಿ ಅಂದರು.

ಮಾರನೆಯ ಬೆಳಿಗ್ಗೆ, "ನಡಿ, ಇವತ್ತು ನನ್ನ ಜೊತೆ ಬಾ" ಅಂತ ಅವಳೇ ಅಮ್ಮನನ್ನು ಹೊರಡಿಸಿದಳು. ದಾರಿಯುದ್ದಕ್ಕೂ ಮಂತ್ರಿ ಮುಂದೆ. ರಸ್ತೆಯ ಅಂಚು ಬಂದಾಗಲೆಲ್ಲ ನಿಂತು, ಅಮ್ಮನ ಕಾಲು ಕೆಳಗಿಳಿದ ಮೇಲೆಯೇ ಹೆಜ್ಜೆ ಎತ್ತುತ್ತಿದ್ದ. ಪಕ್ಕದಲ್ಲಿ ಅವಸರದಿಂದ ನಡೆಯುತ್ತಿದ್ದ ದೊಡ್ಡಕ್ಕ ಮತ್ತೆ ಮತ್ತೆ ಹಿಂತಿರುಗಿ ಬರಬೇಕಾಯಿತು. ಇಷ್ಟು ದಿನ ಇದನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬಾಗಿಲಲ್ಲೇ ಯಜಮಾನರು ಸಿಕ್ಕರು. ವಿಷಯ ಹೇಳಿದಳು. ಅವರು ಕಲ್ಲುಹೃದಯದವರೇನಲ್ಲ, ತಲೆ ಕೆರೆದುಕೊಂಡರು. "ಪಾಪ, ಅರ್ಥ ಆಗುತ್ತಮ್ಮ. ಆದರೆ ಇವನೊಬ್ಬನ್ನ ಬಿಟ್ಟರೆ ಬುಟ್ಟಿಯಮ್ಮ ನನ್ನ ಸುಮ್ಮನೆ ಬಿಡ್ತಾರಾ? ಮೇಷ್ಟ್ರಿಗೆ ಏನು ಹೇಳಲಿ? ಒಳಗೆ ನೀನೇ ಕೈಹಿಡಿದು ಕರ್ಕೊಂಡು ಹೋಗು, ಯಾರು ಬೇಡ ಅಂದ್ರು?"

ಅದೂ ಸರಿಯೇ. ಮಂತ್ರಿಯ ಹಗ್ಗವನ್ನು ಮೀಸೆಯ ಕೈಗೆ ಕೊಟ್ಟು, ದೊಡ್ಡಕ್ಕ ಅಮ್ಮನ ಕೈ ಹಿಡಿದು ಒಳಗೆ ನಡೆದಳು. "ಇದು ಸೋಪು, ಇದು ಚಹಾಪುಡಿ." ಅಮ್ಮ ಪೊಟ್ಟಣಗಳನ್ನು ಮುಟ್ಟಿ ಮುಟ್ಟಿ ನೋಡುತ್ತ, "ಎಷ್ಟೊಂದು ಇಟ್ಟಿದ್ದೀರೇ!" ಅಂತ ಖುಷಿಪಟ್ಟಳು. ನಿಧಾನಕ್ಕೆ ನಡೆಯುವುದು ಅಂಥ ಕಷ್ಟವೇನಲ್ಲ ಅಂತ ದೊಡ್ಡಕ್ಕನಿಗೆ ಅನ್ನಿಸತೊಡಗಿತ್ತು.

"ದೊಡ್ಡಕ್ಕಾ! ತಕ್ಕಡಿ ನಿಂತುಹೋಯ್ತು!" ಅಂತ ಯಾರೋ ಕೂಗಿದರು.

"ಬಂದೆ!" ಅಂದಳು. ಓಡಿದಳು. ಮೇಷ್ಟ್ರ ಸಾಮಾನು ತಕ್ಕಡಿಯ ಮೇಲಿತ್ತು. ತಂತಿ ಬಿಗಿ ಮಾಡಿದಳು, ಗುಂಡಿ ಒತ್ತಿದಳು, ಅವರ ಗೊಣಗಾಟಕ್ಕೆ ಹೂಂಗುಟ್ಟಿದಳು. ಬೆರಳುಗಳು ಯಾಕೋ ಖಾಲಿ ಖಾಲಿ ಅನ್ನಿಸಿತು. ತಟ್ಟನೆ ತಿರುಗಿ ನೋಡಿದಳು.

ಅಮ್ಮ ಸಾಲಿನ ನಟ್ಟನಡುವೆ ನಿಂತಿದ್ದಳು. ಕೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು, ಮಗಳು ಬಿಟ್ಟ ಎತ್ತರದಲ್ಲೇ. ಎರಡೂ ಕಡೆಯಿಂದ ತಳ್ಳುಗಾಡಿಗಳು ಅವಳನ್ನು ಸವರಿಕೊಂಡು ಹೋಗುತ್ತಿದ್ದವು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಯಾರಿಗೂ ಗೊತ್ತಾಗಬಾರದು ಅಂತ ಮುಖದ ಮೇಲೆ ನಗು ತಂದುಕೊಂಡು, ಯಾವ ಕಡೆಗೆ ನಗಬೇಕೆಂದು ತಿಳಿಯದೆ ಎಲ್ಲ ಕಡೆಗೂ ನಗುತ್ತಿದ್ದಳು.

ದೊಡ್ಡಕ್ಕ ಅಮ್ಮನ ಹತ್ತಿರ ಹೋಗಲಿಲ್ಲ. ಬಾಗಿಲಿಗೆ ಹೋದಳು.

"ಹಗ್ಗ ಕೊಡು."

"ಬೋರ್ಡು ನೀವೇ ಹಾಕಿಸಿದ್ದು, ದೊಡ್ಡಕ್ಕ..." ಅಂದ ಮೀಸೆ.

"ಕೊಡು ಅಂದೆ."

ಮಂತ್ರಿ ಯಾರನ್ನೂ ಮೂಸಲಿಲ್ಲ, ಅತ್ತಿತ್ತ ನೋಡಲೂ ಇಲ್ಲ. ಸೀದಾ ಹೋಗಿ ಅಮ್ಮನ ಕಾಲಿಗೆ ಮೈಯೊತ್ತಿ ನಿಂತ. ಅಮ್ಮನ ಕೈ ಮೆಲ್ಲಗೆ ಇಳಿದು ಅವನ ತಲೆಯ ಮೇಲೆ ಕೂತಿತು. ಹಿಂದಿನಿಂದ ಮೇಷ್ಟ್ರು ಸೀನತೊಡಗಿದರು. ಅವರ ಕಷ್ಟವೂ ಸುಳ್ಳಲ್ಲ. ಯಜಮಾನರು ಗಾಜಿನ ಕೋಣೆಯ ಬಾಗಿಲು ತಳ್ಳಿಕೊಂಡು ಬಂದರು.

"ಏನಮ್ಮಾ ಇದು? ಕೈಹಿಡಿದು ಕರ್ಕೊಂಡು ಹೋಗು ಅಂತ ಹೇಳಿದ್ದೆನಲ್ಲ?"

ದೊಡ್ಡಕ್ಕನಿಗೆ ಕಾಲು ನೋಯುತ್ತಿತ್ತು. ಜಗಳವಾಡಲು ಮೈಯಲ್ಲಿ ಕಸುವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹಿಡಿದಿದ್ದೆ ಯಜಮಾನ್ರೇ. ತಕ್ಕಡಿ ಅಂತ ಕೂಗಿದ ತಕ್ಷಣ ಕೈಬಿಟ್ಟೆ. ಇವನು ಬಿಡಲ್ಲ."