ಮೂರನೇ ಗೇರಿನ ‘ರೀ’

ಮನೆಯೊಳಗೆ ದರ್ಜಿಯ ಹೆಂಡತಿಗೆ ಗಂಡನ ಗುರುತು ಸಿಗುತ್ತಿರಲಿಲ್ಲ. ಮರೆವಿನ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅನ್ನ ಕಲಸಿ ಕೊಟ್ಟರೆ ಅವನ ಮುಖ ನೋಡಿ, “ಯಾರಪ್ಪಾ ನೀನು? ಒಳ್ಳೆಯವನ ಥರ ಕಾಣ್ತೀಯ” ಎನ್ನುತ್ತಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಇಂಥದ್ದೊಂದು ಸರ್ಟಿಫಿಕೇಟು ಬೇರೆ!

ಆದರೆ ದಿನಾ ಸಂಜೆ ಹಳೆಯ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ ಏನೋ ಆಗುತ್ತಿತ್ತು. ತಾನೇ ಗೇರು ಬದಲಿಸಿಕೊಳ್ಳುವ ಕಾರು ಅದು. ಎರಡರಿಂದ ಮೂರಕ್ಕೆ ಹೋಗುವಾಗ ಮೈ ಕೊಡವಿದಂತೆ ಒಮ್ಮೆ ಅಲುಗುತ್ತಿತ್ತು. ಅಷ್ಟಕ್ಕೇ ಅವಳು ಸೀಟಿನಂಚು ಹಿಡಿದು, ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳುತ್ತಿದ್ದಳು: “ರೀ, ನಿಧಾನ.”

ಆ ಒಂದು ‘ರೀ’ಗಾಗಿ ಅವನು ದಿನವಿಡೀ ಹೊಲಿಗೆ ಮಷಿನ್ನು ತುಳಿಯುತ್ತಿದ್ದ.

ಒಂದು ಸಂಜೆ ಕಾರು ಎರಡನೇ ಗೇರಿನಲ್ಲೇ ಮೊಂಡುಬಿದ್ದಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮೇಲಕ್ಕೇರಲಿಲ್ಲ. ಗ್ಯಾರೇಜಿನವನು ಬಗ್ಗಿ ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ, “ಗೇರ್‌ಬಾಕ್ಸೇ ಹೋಗಿದೆ. ಇದರದ್ದು ಈಗ ಎಲ್ಲೂ ಸಿಗಲ್ಲ. ಗುಜರಿಗೆ ಹಾಕ್ಬಿಡಿ” ಎಂದ. ದರ್ಜಿ ಭಾಮೈದನ ಕಾರನ್ನು ಕೇಳಿ ತಂದು ಹೆಂಡತಿಯನ್ನು ಸುತ್ತಾಡಿಸಿದ. ಅವಳು ನೆಂಟರ ಮನೆಗೆ ಬಂದವಳಂತೆ ಕೈಕಟ್ಟಿ ಕೂತಿದ್ದು, ತುಟಿ ಬಿಚ್ಚದೆ ಇಳಿದಳು.

ಅವನು ಹಟಕ್ಕೆ ಬಿದ್ದ. ಫೋನಿನಲ್ಲಿ ವಿಡಿಯೊ ಹಾಕಿಕೊಂಡು, ಕಾರನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಡಿಗೆ ನುಸುಳಿ, ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ಕೆಳಗಿನ ಮುಚ್ಚಳ ಬಿಚ್ಚಿದ. ಒಳಗೆ ಎರಡು ಸೊಲೆನಾಯ್ಡುಗಳು. ತಾಮ್ರದ ತಂತಿ ಸುತ್ತಿದ, ಬಾಬಿನ್ನಿನಂಥ ಸಣ್ಣ ಸಾಮಾನು. ಕರೆಂಟು ಬಂದಾಗ ಎಣ್ಣೆಗೆ ದಾರಿ ಬಿಟ್ಟು ಗೇರು ಬದಲಿಸುವುದು ಅದರ ಕೆಲಸ. ಮೀಟರು ಹಿಡಿದು ನೋಡಿದರೆ ಒಂದು ಸತ್ತಿತ್ತು. ಎರಡಕ್ಕೂ ಹೋಗುವ ವೈರುಗಳು ಬಿಸಿಗೆ ಬಿರಿದಿದ್ದವು. ಇಷ್ಟೇ! ಗುಜರಿಯಂತೆ, ಗುಜರಿ!

ನೋಡಲು ಬಂದ ಭಾಮೈದ, “ಭಾವ, ವೈರು ಎರಡೂ ಒಂದೇ ಥರ ಇವೆ. ಬಿಚ್ಚೋಕೆ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ” ಎಂದ.

“ನಲವತ್ತು ವರ್ಷ ದಾರ ಹಿಡಿದವನು ಕಣಯ್ಯಾ ನಾನು. ಎಡಗಡೆ ತೋಳು ಯಾವುದು ಅಂತ ಫೋಟೋ ನೋಡಿ ಹೊಲೀತೀನಾ?” ಎಂದು ದರ್ಜಿ ಒಂದು ವೈರಿಗೆ ಬಿಳಿ ದಾರ, ಇನ್ನೊಂದಕ್ಕೆ ಕೆಂಪು ದಾರ ಗಂಟು ಹಾಕಿದ.

ಬಿರಿದ ತುಂಡುಗಳನ್ನು ಕತ್ತರಿಸಿ ಹೊಸ ವೈರು ಬೆಸೆದ. ಅಂಚೆಯಲ್ಲಿ ತರಿಸಿದ ಹೊಸ ಸೊಲೆನಾಯ್ಡನ್ನು ಹಾಕುವ ಮೊದಲು ಹೊಸ ಗೇರ್ ಎಣ್ಣೆಯಲ್ಲಿ ನೆನೆಸಬೇಕೆಂದು ವಿಡಿಯೊ ಹೇಳಿತ್ತು. ಒಳ್ಳೆಯದೇ ಆಗಲೆಂದು ಬಿಚ್ಚಿ ತೆಗೆದ ವೈರುಗಳನ್ನೂ ಅದೇ ಎಣ್ಣೆಯ ತಟ್ಟೆಗೆ ಹಾಕಿಟ್ಟ. ಗೇರ್ ಎಣ್ಣೆಯ ಬಣ್ಣ ಕೆಂಪು. ಮಾರನೇ ದಿನ ಎತ್ತಿ ನೋಡಿದರೆ ಎರಡು ದಾರವೂ ಕೆಂಪು.

ಯಾವ ಬಟ್ಟೆ ಬಣ್ಣ ಬಿಡುತ್ತದೆ, ಯಾವುದು ಹೀರುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು! ಸೋಪು ಹಚ್ಚಿ ಉಜ್ಜಿದ, ಬಿಸಿಲಿಗೆ ಹಿಡಿದು ನೋಡಿದ. ಗಂಟುಗಳು ಹಲ್ಲು ಕಿರಿದವೇ ಹೊರತು ಗುಟ್ಟು ಬಿಡಲಿಲ್ಲ. ಭಾಮೈದನ ಮುಂದೆ ಬಾಯಿ ಬಿಡಲು ಮಾನ ಅಡ್ಡ ಬಂತು. ಅಂದಾಜಿನ ಮೇಲೆ ಸಿಕ್ಕಿಸಿ, ಮುಚ್ಚಳ ಹಾಕಿ, ಎಣ್ಣೆ ತುಂಬಿಸಿ, ತಡೆಯಲಾರದೆ ಹೆಂಡತಿಯನ್ನು ಕೂರಿಸಿಕೊಂಡೇ ಹೊರಟ.

ಕಾರು ಏದುತ್ತ ಹೊರಟು, ವೇಗ ಬರುತ್ತಲೇ ಧಡ್ಡೆಂದು ಕೆಳಗಿನ ಗೇರಿಗೆ ಬಿದ್ದಿತು. ಅವಳ ಹಣೆ ಮುಂದಕ್ಕೆ ಬಡಿಯಿತು. “ಅಯ್ಯೋ, ಯಾರಿವನು! ನನ್ನ ಇಳಿಸೋ!” ಎಂದು ಬಾಗಿಲು ಬಡಿಯತೊಡಗಿದಳು.

ವೈರುಗಳನ್ನು ಅದಲುಬದಲು ಮಾಡಿದರೆ ಮುಗಿಯುತ್ತಿತ್ತು. ಆದರೆ ಮತ್ತೆ ಬಿಚ್ಚುವಾಗ ಎಣ್ಣೆ ಸೋರದಂತೆ ಮುಚ್ಚಳದಡಿ ಕೂರಿಸುವ ಗ್ಯಾಸ್ಕೆಟ್ಟು ಹರಿಯಿತು. ಬೇರೆಯದು ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನಗಳಲ್ಲಿ ಅವಳು ಬಚ್ಚಲಿನ ದಾರಿ ಮರೆತಳು, ತಮ್ಮನನ್ನು ಮರೆತಳು. ದರ್ಜಿ ದಿನಾ ಅಂಚೆಯವನ ದಾರಿ ಕಾಯುತ್ತ, ಒಂದು ಫೋಟೋ ತೆಗೆಯದ ತನ್ನ ಕೈಯನ್ನು ಶಪಿಸಿದ.

ಕೊನೆಗೆ ಎಲ್ಲವೂ ಸರಿಹೋಯಿತು. ಅವನು ಮುಂದಿನ ಬಾಗಿಲು ತೆರೆದು ಹಿಡಿದರೆ, ಅವಳು ತಾನೇ ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು. ಕಾರು ಹೊರಟಿತು. ಒಂದು, ಎರಡು; ಮೂರಕ್ಕೆ ಹೋಗುವಾಗ ಮೊದಲಿನಂತೆಯೇ ಒಮ್ಮೆ ಅಲುಗಿತು. ಅವನು ‘ರೀ’ಗಾಗಿ ಕಿವಿಗೊಟ್ಟ. ನಿಲ್ಲಿಸಿ ಮತ್ತೆ ಹೊರಟ. ಮತ್ತೆ ಅಲುಗಿತು.

ಮೂರನೇ ಸಲಕ್ಕೆ ಅವಳು ಮುಂದಕ್ಕೆ ಬಾಗಿ ಅವನ ಹೆಗಲು ತಟ್ಟಿದಳು.

“ಡ್ರೈವರ್, ಸ್ವಲ್ಪ ಬೇಗ ಹೋಗಪ್ಪಾ. ನಮ್ಮನೆಯವರು ಕಾಯ್ತಿರ್ತಾರೆ.”

“ಆಯ್ತಮ್ಮಾ” ಎಂದು ದರ್ಜಿ ಕಾರನ್ನು ಮನೆಯ ಕಡೆಗೆ ತಿರುಗಿಸಿದ.