ಮಗ್ಗುಲು

"ಸ್ವಲ್ಪ ಈ ಕಡೆ ಹೊರಳಿಸಿ ಆಂಟಿ" ಎಂದು ಶಿವಲೀಲಾ ಮೇಡಂ ಅವರ ಹೆಣದ ಬೆನ್ನಿಗೆ ನೀರು ಹಾಕಹೊರಟ ಹರಿಣಿಯ ಕೈ ಅಲ್ಲೇ ನಿಂತಿತು. ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು. ರೋಗಿಯನ್ನು ಮಲಗಿದಲ್ಲೇ ಬಿಟ್ಟರೆ ಆಗುವಂಥದ್ದು. ಒಳಗಿನ ಎಲುಬು ಕಾಣುತ್ತಿತ್ತು.

ಅಯ್ಯೋ, ಯಾರಿಗೆ ಬಂತು ನೋಡಿ ಇದು! ನರ್ಸಿಂಗ್ ಪಿಎಚ್‌ಡಿ ಮಾಡುವವರಿಗೆ, ಜಗತ್ತಿನ ಅಧ್ಯಯನಗಳನ್ನೆಲ್ಲ ಹುಡುಕಿ, ತೂಗಿ, ಅವೆಲ್ಲ ಸೇರಿ ಏನು ಹೇಳುತ್ತವೆಂದು ತಿಳಿಯುವುದನ್ನು ಜೀವಮಾನವಿಡೀ ಕಲಿಸಿದಾಕೆಗೆ. ಶಿಷ್ಯೆ ಹರಿಣಿಗೆ ಸಂಶೋಧನೆಗೆಂದು ಕೊಟ್ಟಿದ್ದ ವಿಷಯವೂ ಇದೇ: ರೋಗಿಯ ಮಗ್ಗುಲು ಬದಲಿಸಿ ಹುಣ್ಣು ತಡೆಯುವುದು.

ಮೇಡಂ ಅವರ ಅಕ್ಕ ಮಲ್ಲವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. "ಭಾಳ ನೋವಾಗಿತ್ತೇನ? ನೀ ಓದಿದಾಕಿ, ಖರೆ ಹೇಳವ್ವಾ."

*

"ಈ ಅಧ್ಯಯನ ಯಾಕ ಬಿಟ್ಟಿ?" ಎಂದು ಮೇಡಂ ಒಮ್ಮೆ ಕ್ಲಾಸಿನಲ್ಲೇ ಹಿಡಿದು ಕೇಳಿದ್ದರು.

"ಅದು ಉಳಿದವುಗಳ ಥರ ಇಲ್ಲ ಮೇಡಂ. ಫಲಿತಾಂಶ ಎಲ್ಲಾ ಕೆಡಿಸುತ್ತೆ."

"ಕೆಡಸ್ಲಿ. ನಿನಗ ಬೇಕಾದ್ದಷ್ಟ ಆರಿಸ್ಕೊಂಡ್ರ ಅದು ಪುರಾವೆ ಅಲ್ಲ, ನಿನ್ನ ಆಸೆ. ಒಳಗ ತಗೋ."

ಹಾಗೆ ಬೈದು, ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಟ್ಟಿದ್ದರು.

*

"ಇಲ್ಲ ಆಂಟಿ," ಎಂದಳು ಹರಿಣಿ. "ಅಷ್ಟೊತ್ತಿಗೆ ಅವರಿಗೆ ಏನೂ ಗೊತ್ತಾಗ್ತಿರಲಿಲ್ಲ."

ಮಲ್ಲವ್ವ ಅವಳನ್ನೇ ದಿಟ್ಟಿಸಿದಳು. "ಹಂಗಾರ 'ಅಕ್ಕಾ, ಮಗ್ಗಲ ಹೊಳ್ಳಸ' ಅಂತ ಯಾಕ ಅಳತಿದ್ಲು? ಪೈಪು ಕಿತ್ತ ಬರತಾವ, ಮುಟ್ಟಬ್ಯಾಡ್ರಿ ಅಂದ್ರು ನನಗ ದವಾಖಾನ್ಯಾಗ. ವಾರ್ಡಿಗೆಲ್ಲಾ ಒಬ್ಬಾಕಿ ಸಿಸ್ಟರ್. ಬಂದೆ ಬಂದೆ ಅಂತಿದ್ಲು, ಬರತಿದ್ದಿಲ್ಲ. ನಾ ಸುಮ್ನ ಕುಂತೆ."

ಮಗ್ಗುಲು ಬದಲಿಸಬೇಕೆಂದು ಆ ಸಿಸ್ಟರ್‌ಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು, ಮಲಗಿದ್ದ ಮೇಡಂಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಮಣ್ಣು!

"ಲಗೂ ಮಾಡ್ರೆವಾ, ಬಿಲ್ಡಿಂಗ್ ಕೆಳಗ ಗಾಡಿ ನಿಂತೈತಿ" ಎಂದು ಹೊರಗಿನಿಂದ ಚನ್ನಬಸಯ್ಯನವರು ಕೂಗಿದರು. ಅಂತ್ಯಕ್ರಿಯೆ ಮಾಡಿಸಲು ಬಂದ ಅಯ್ಯನವರು. "ಕುರ್ಚಿ ತಂದೇವಿ, ಕೂಡ್ರಸೋಣು." ಆ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು.

ಸೀರೆ ಉಡಿಸಿ ಮುಗಿಸಿದ ಮಲ್ಲವ್ವ ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಆ ಹುಣ್ಣಿನ ಮ್ಯಾಲ ಕೂಡ್ರಸಬ್ಯಾಡ್ರಿ ಅಯ್ಯನವರ. ನಿಮ್ಮ ಕಾಲ ಬೀಳತೀನಿ. ಮಗ್ಗಲಾಗಿ ಒಯ್ರಿ."

"ಹುಚ್ಚಿ ಅದಿಯೇನ ತಂಗಿ? ಇನ್ನೆಲ್ಲಿ ನೋವು? ಮಲಗಿಸಿ ಒಯ್ಯೂ ಪದ್ಧತಿ ನಮ್ಮಲ್ಲಿ ಇಲ್ಲ."

ನಾಲ್ವರು ಮಲ್ಲವ್ವನನ್ನು ಸರಿಸಿ ಒಳಬಂದು, ಹೆಣವನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಹರಿಣಿ ತನ್ನ ದುಪಟ್ಟಾ ಮಡಚಿ ಹುಣ್ಣಿನ ಕೆಳಗೆ ತುರುಕಿದಳು. ಮೇಡಂ ಅವರ ಭುಜ ಹಿಡಿದು ಎಡಗಡೆಗೆ ತುಸು ವಾಲಿಸಿ, ಹಾಗೆಯೇ ಆಸರೆಯಾಗಿ ನಿಂತಳು.

"ಸೀದಾ ಮಾಡ್ರಿ, ಸೀದಾ" ಎಂದರು ಅಯ್ಯನವರು.

ಹಗ್ಗ ಹಿಡಿದವರು ಹರಿಣಿಯ ಕೈ ಸರಿಸಿ, ಮೇಡಂ ಅವರನ್ನು ನೆಟ್ಟಗೆ ಕೂರಿಸಿ, ಬಿಗಿಯಾಗಿ ಕಟ್ಟಿದರು.